ಜಠರ ತನ್ನನ್ನೇಕೆ ತಿನ್ನುವುದಿಲ್ಲ?

(ದತ್ತಿ ಉಪನ್ಯಾಸದ ಮುದ್ರಿತ ಪಾಠ)



ಬೋಟಿ ಗೊಜ್ಜು ತಿನ್ನುವವರು ಈ ಸಭೆಯಲ್ಲಿ ಎಷ್ಟು ಜನರಿದ್ದೀರೋ ಕಾಣೆ. ಕೈ ಎತ್ತಿ ಎಂದು ಕೇಳುವುದಿಲ್ಲ. ತಿನ್ನದವರಿಗಾಗಿ ಹೇಳುತ್ತೇನೆ: ಬೋಟಿ ಎಂದರೆ ಕುರಿಯ ಅಥವಾ ಮೇಕೆಯ ಜಠರ ಮತ್ತು ಕರುಳು. ಬಿಸಿನೀರಿನಲ್ಲಿ ಉಜ್ಜಿ ತೊಳೆದು, ಬೇಯಿಸಿ, ಮಸಾಲೆ ಹಾಕಿ ಉಂಡರೆ ಕೆಲವು ಗಂಟೆಗಳಲ್ಲಿ ನಮ್ಮ ಜಠರ ಅದನ್ನು ಗಂಜಿಯ ಹದಕ್ಕೆ ತಂದು ಕರುಳಿಗೆ ಇಳಿಸುತ್ತದೆ. ಕುರಿಯ ಜಠರವೂ ಮಾಂಸವೇ, ನಮ್ಮದೂ ಮಾಂಸವೇ. ಎರಡರ ಪ್ರೋಟೀನೂ ಹೆಚ್ಚುಕಡಿಮೆ ಒಂದೇ ಜಾತಿಯದು. ಒಳಗೆ ಬಿದ್ದ ಜಠರ ಕರಗುತ್ತದೆ. ಅದನ್ನು ತುಂಬಿಕೊಂಡ ಜಠರ ಏಕೆ ಕರಗುವುದಿಲ್ಲ?

ಜೀರ್ಣಕಿಣ್ವಗಳೆಂದರೆ ನಮ್ಮ ಪಠ್ಯಪುಸ್ತಕಗಳಲ್ಲಿ ಒಂದು ಕೋಷ್ಟಕ. ಬಾಯಿಯಲ್ಲಿ ಅಮೈಲೇಸ್, ಜಠರದಲ್ಲಿ ಪೆಪ್ಸಿನ್, ಸಣ್ಣ ಕರುಳಿನಲ್ಲಿ ಟ್ರಿಪ್ಸಿನ್, ಲೈಪೇಸ್. ಅದನ್ನು ಉರು ಹೊಡೆದು ಪರೀಕ್ಷೆಯಲ್ಲಿ ಬರೆದು ಮರೆತವರೇ ನಾವೆಲ್ಲ. ಆ ಕೋಷ್ಟಕದಲ್ಲಿ ತಪ್ಪೇನಿಲ್ಲ, ಆದರೆ ಈ ವಿಷಯದ ಜೀವಾಳ ಅದರಲ್ಲಿ ಇಲ್ಲ. ಅನ್ನ, ಮಾಂಸ, ಎಣ್ಣೆಗಳನ್ನು ಒಡೆಯುವುದನ್ನು ಬ್ಯಾಕ್ಟೀರಿಯಾ, ಬೂಷ್ಟುಗಳೂ ಮಾಡುತ್ತವೆ. ಹಾಗೆ ಒಡೆಯಬಲ್ಲ ಪದಾರ್ಥಗಳನ್ನು ತನ್ನ ಮಾಂಸದೊಳಗೇ ತಯಾರಿಸಿ, ತನಗೆ ತಾಗದಂತೆ ಕಟ್ಟಿಟ್ಟು, ಹೊತ್ತು ನೋಡಿ ಹೊರಬಿಡುವ ಬಿಗಿ ಇದೆಯಲ್ಲ, ದೇಹದ ನಿಜವಾದ ಜಾಣ್ಮೆ ಅಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಇಂದು ಮಾತನಾಡುವುದು ಆ ಬಿಗಿಯ ಬಗ್ಗೆ.

ಪ್ರಶ್ನೆ ಹಳೆಯದು. 1772ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಂಟರ್ ರಾಯಲ್ ಸೊಸೈಟಿಗೆ ಒಂದು ಪ್ರಬಂಧ ಒಪ್ಪಿಸಿದ. ಗಟ್ಟಿಮುಟ್ಟಾಗಿದ್ದು ಹಠಾತ್ತನೆ ಸತ್ತವರ ಹೆಣ ಕೊಯ್ದಾಗ ಕೆಲವರಲ್ಲಿ ಜಠರದ ಗೋಡೆಯೇ ಕರಗಿ ತೂತಾಗಿದ್ದನ್ನು ಆತ ಕಂಡಿದ್ದ. ಸತ್ತ ಮೇಲೆ ಜಠರ ತನ್ನನ್ನೇ ಜೀರ್ಣಿಸಿಕೊಳ್ಳುತ್ತದೆ ಎಂದು ತೀರ್ಮಾನಿಸಿದ. ಬದುಕಿರುವಾಗ ಹಾಗಾಗದಂತೆ ಜೀವಶಕ್ತಿಯೊಂದು ಕಾಯುತ್ತದೆ ಎಂದೂ ಸೇರಿಸಿದ. ಮುಂದಿನ ಶತಮಾನದಲ್ಲಿ ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ ಆ ಮಾತನ್ನು ಪರೀಕ್ಷೆಗೆ ಒಡ್ಡಿದ. ನಾಯಿಯ ಜಠರಕ್ಕೆ ಹೊರಗಿನಿಂದ ರಂಧ್ರ ಮಾಡಿ, ಜೀವಂತ ಕಪ್ಪೆಯ ಕಾಲುಗಳನ್ನು ಅದರೊಳಗೆ ಇಳಿಸಿಟ್ಟ. ಕಪ್ಪೆ ಬದುಕಿರುವಾಗಲೇ ಅದರ ಕಾಲು ಕರಗತೊಡಗಿತು. ಇಂಥ ಪ್ರಯೋಗಕ್ಕೆ ಇಂದು ಯಾವ ನೈತಿಕ ಸಮಿತಿಯೂ ಒಪ್ಪಿಗೆ ಕೊಡದು, ಕೊಡಲೂಬಾರದು. ಆದರೆ ಜಠರರಸದಿಂದ ತಪ್ಪಿಸಿಕೊಳ್ಳಲು ಜೀವ ಒಂದಿದ್ದರೆ ಸಾಲದು ಎಂಬುದು ಅಂದಿಗೆ ಖಚಿತವಾಯಿತು. ಕಾಯುವ ಏರ್ಪಾಡು ಬೇರೆ ಏನೋ ಇರಬೇಕು.

ಅದಕ್ಕೆ ಬರುವ ಮುನ್ನ, ಕರಗಿಸುವುದು ಏನು ಎಂಬುದನ್ನು ನೋಡೋಣ. ನಮ್ಮವರು ಹೊಟ್ಟೆಯೊಳಗೆ ಅಗ್ನಿಯಿದೆ ಎಂದರು. ಗ್ರೀಕರೂ ಜೀರ್ಣವೆಂದರೆ ಒಳಗೆ ನಡೆಯುವ ಅಡುಗೆ ಎಂದೇ ಬಗೆದರು. ಯುರೋಪಿನಲ್ಲಿ ಇನ್ನೊಂದು ಪಂಗಡ ಹುಟ್ಟಿ, ಜಠರ ಅನ್ನವನ್ನು ಬರಿದೇ ಅರೆಯುತ್ತದೆ ಎಂದು ವಾದಿಸಿತು. 1752ರಲ್ಲಿ ಫ್ರಾನ್ಸಿನ ರೆಯೊಮೂರ್ ತಾನು ಸಾಕಿದ್ದ ಹದ್ದಿಗೆ, ಮಾಂಸ ತುಂಬಿ ಬಾಯಿಗೆ ಜಾಲರಿ ಕಟ್ಟಿದ ಲೋಹದ ಕೊಳವೆಗಳನ್ನು ನುಂಗಿಸಿದ. ಜೀರ್ಣವಾಗದ್ದನ್ನು ವಾಂತಿ ಮಾಡುವುದು ಆ ಹಕ್ಕಿಯ ಅಭ್ಯಾಸ. ಕೊಳವೆ ಹೊರಬಂದಾಗ ಒಳಗಿನ ಮಾಂಸ ಸವೆದು ಕರಗಿತ್ತು. ಲೋಹದ ಗೋಡೆಯೊಳಗಿದ್ದುದನ್ನು ಯಾರೂ ಅರೆದಿರಲಿಲ್ಲ. ಇಟಲಿಯ ಸ್ಪಲ್ಲಾಂಜಾನಿ ಇನ್ನೂ ಮುಂದೆ ಹೋಗಿ, ಬಟ್ಟೆಯ ಪುಟ್ಟ ಚೀಲಗಳಲ್ಲಿ ಆಹಾರ ಕಟ್ಟಿ ತಾನೇ ನುಂಗಿದ. ಮಾಂಸ ಮತ್ತು ಜಠರರಸ ತುಂಬಿದ ಗಾಜಿನ ಕೊಳವೆಯನ್ನು ಕಂಕುಳಲ್ಲಿ ಇಟ್ಟುಕೊಂಡು ದೇಹದ ಬಿಸಿಯಲ್ಲಿ ಕಾಪಾಡಿದ. ಅರೆಯುವುದೂ ಇಲ್ಲ, ಬೆಂಕಿಯೂ ಇಲ್ಲ, ರಸವೊಂದೇ ಸಾಕಾಯಿತು.

ಈ ಕಥೆಯ ನಾಯಕ ಯಾರು ಎಂದು ಕೇಳಿದರೆ ನಾನು ಯಾವ ವಿಜ್ಞಾನಿಯ ಹೆಸರನ್ನೂ ಹೇಳೆನು. ಅಲೆಕ್ಸಿ ಸೇಂಟ್ ಮಾರ್ಟಿನ್ ಎಂಬ ಕೂಲಿಯವನ ಹೆಸರು ಹೇಳುತ್ತೇನೆ. ಆತ ತುಪ್ಪಳದ ವ್ಯಾಪಾರಿಗಳ ದೋಣಿ ಹುಟ್ಟುಹಾಕುತ್ತಿದ್ದ ಫ್ರೆಂಚ್ ಕೆನಡಾದ ಹುಡುಗ. 1822ರ ಜೂನ್ 6ರಂದು, ಅಮೆರಿಕದ ಮ್ಯಾಕಿನಾ ದ್ವೀಪದ ಅಂಗಡಿಯೊಂದರಲ್ಲಿ ಯಾರದೋ ಬಂದೂಕು ಆಕಸ್ಮಿಕವಾಗಿ ಹಾರಿ ಅವನ ಎಡಪಕ್ಕೆಯನ್ನು ಸೀಳಿತು. ಬೆಳಗಿನ ತಿಂಡಿ ಗಾಯದಿಂದ ಹೊರಕ್ಕೆ ಬರುತ್ತಿತ್ತು. ಸೇನೆಯ ವೈದ್ಯ ವಿಲಿಯಂ ಬೋಮಾಂಟ್ ಅವನು ಬದುಕುತ್ತಾನೆಂದು ನಂಬಿರಲಿಲ್ಲ. ಬದುಕಿದ. ಆದರೆ ಗಾಯ ಮುಚ್ಚಲಿಲ್ಲ. ಜಠರದ ಅಂಚು ಪಕ್ಕೆಯ ಚರ್ಮಕ್ಕೆ ಕೂಡಿಕೊಂಡು, ಹೊರಗಿನಿಂದ ಒಳಕ್ಕೆ ಇಣುಕಬಹುದಾದ ಬಾಯೊಂದು ಉಳಿದುಕೊಂಡಿತು.

1825ರಿಂದ ಬೋಮಾಂಟ್ ಆ ಬಾಯಿಯ ಮೂಲಕ ಮಾಂಸ, ರೊಟ್ಟಿ, ಎಲೆಕೋಸಿನ ತುಂಡುಗಳನ್ನು ರೇಷ್ಮೆ ದಾರಕ್ಕೆ ಕಟ್ಟಿ ಇಳಿಬಿಟ್ಟು, ಗಂಟೆಗೊಮ್ಮೆ ಎಳೆದು ನೋಡತೊಡಗಿದ. ರಸವನ್ನು ಹೊರತೆಗೆದು ಶೀಶೆಯಲ್ಲಿ ಬೆಚ್ಚಗಿಟ್ಟು, ಅಲ್ಲಿಯೂ ಮಾಂಸ ಕರಗುವುದನ್ನು ಕಂಡ. ಹೊಟ್ಟೆಯಲ್ಲಿಗಿಂತ ಹೆಚ್ಚು ಹೊತ್ತು ಹಿಡಿಯಿತು, ಅಷ್ಟೆ. ಸೇಂಟ್ ಮಾರ್ಟಿನ್ ಸಿಟ್ಟಾದಾಗ ಜೀರ್ಣಕ್ರಿಯೆ ಏರುಪೇರಾಗುವುದನ್ನೂ ಬರೆದಿಟ್ಟ. ಸಿಟ್ಟು ಬರಲು ಕಾರಣ ಬೇಕಾದಷ್ಟಿತ್ತು: ಆ ಬಡವ ಅದೇ ವೈದ್ಯನ ಮನೆಯಲ್ಲಿ ಆಳಾಗಿ ದುಡಿಯುತ್ತಿದ್ದ. ಒಮ್ಮೆ ಹೇಳದೆ ಕೇಳದೆ ಕೆನಡಾಕ್ಕೆ ಹೊರಟೂಹೋದ. ಮದುವೆಯಾಗಿ, ಸಂಸಾರ ಸಾಕಲಾರದೆ ಮತ್ತೆ ಬಂದ. 238 ಪ್ರಯೋಗಗಳ ವಿವರವುಳ್ಳ ಬೋಮಾಂಟನ ಪುಸ್ತಕ 1833ರಲ್ಲಿ ಅಚ್ಚಾಯಿತು. ಬೋಮಾಂಟ್ 1853ರಲ್ಲಿ ತೀರಿಕೊಂಡ. ಹೊಟ್ಟೆಯಲ್ಲಿ ತೂತಿದ್ದವನು 1880ರವರೆಗೆ ಬದುಕಿದ. ಆತ ಸತ್ತಾಗ ವೈದ್ಯರು ಶವಪರೀಕ್ಷೆಗೆ ಕಾದಿದ್ದರು. ಮನೆಯವರು ಹೆಣವನ್ನು ಬೇಕೆಂದೇ ಕೊಳೆಯಲು ಬಿಟ್ಟು, ಯಾರೂ ಅಗೆಯದಂತೆ ಆಳವಾಗಿ ಹೂತರು. ಅವರ ಮೇಲೆ ನನಗೆ ಗೌರವವಿದೆ.

ರಸದಲ್ಲಿ ಹೈಡ್ರೋಕ್ಲೋರಿಕ್ ಆಮ್ಲವಿದೆ ಎಂದು ಅಷ್ಟರಲ್ಲಿ ಇಂಗ್ಲೆಂಡಿನ ವಿಲಿಯಂ ಪ್ರೌಟ್ ತೋರಿಸಿದ್ದ. ಆದರೆ ಬರಿಯ ಆಮ್ಲದಲ್ಲಿ ಮಾಂಸ ಹಾಗೆ ಕರಗದು. 1836ರಲ್ಲಿ ಜರ್ಮನಿಯ ಥಿಯೊಡೋರ್ ಶ್ವಾನ್ ಆಮ್ಲದ ಜೊತೆಗಿದ್ದ ಇನ್ನೊಂದು ಪದಾರ್ಥವನ್ನು ಗುರುತಿಸಿ ಪೆಪ್ಸಿನ್ ಎಂದು ಕರೆದ. ಅದು ಎಂಥ ಪದಾರ್ಥ ಎಂದು ತಿಳಿಯಲು ಇನ್ನೂ ಸುಮಾರು ನೂರು ವರ್ಷ ಬೇಕಾಯಿತು. 1926ರಲ್ಲಿ ಅಮೆರಿಕದ ಜೇಮ್ಸ್ ಸಮ್ನರ್ ಜ್ಯಾಕ್ ಬೀನ್ ಕಾಳಿನಿಂದ ಯೂರಿಯೇಸ್ ಎಂಬ ಕಿಣ್ವವನ್ನು ಹರಳಾಗಿಸಿ, ಕಿಣ್ವ ಎಂದರೆ ಪ್ರೋಟೀನು ಎಂದು ಸಾರಿದ. ದೊಡ್ಡದೊಡ್ಡವರು ನಂಬಲಿಲ್ಲ. 1930ರಲ್ಲಿ ಜಾನ್ ನಾರ್ಥ್ರಾಪ್ ಪೆಪ್ಸಿನ್ನನ್ನೂ ಹರಳಾಗಿಸಿದ ಮೇಲೆ ವಾದ ತಣ್ಣಗಾಯಿತು. 1946ರ ನೊಬೆಲ್ ಇಬ್ಬರಿಗೂ ಸಂದಿತು.

ಈಗ ಪ್ರಶ್ನೆ ಇನ್ನೂ ತೀವ್ರವಾಗುತ್ತದೆ ನೋಡಿ. ಪೆಪ್ಸಿನ್ ತಾನೂ ಪ್ರೋಟೀನು. ಅದರ ಕೆಲಸ ಪ್ರೋಟೀನನ್ನು ಕತ್ತರಿಸುವುದು. ಅದನ್ನು ತಯಾರಿಸುವ ಜೀವಕೋಶದ ತುಂಬ ಇರುವುದೂ ಪ್ರೋಟೀನೇ.

ಕತ್ತರಿಸುವುದು ಅಂದೆ. ರಸಾಯನದ ದೃಷ್ಟಿಯಿಂದ ನಡೆಯುವುದು ಸರಳ: ಎರಡು ತುಣುಕುಗಳ ನಡುವಿನ ಬಂಧಕ್ಕೆ ನೀರಿನ ಒಂದು ಅಣುವನ್ನು ಸೇರಿಸಿ ಬಿಡಿಸುವುದು. ಅನ್ನದ ಪಿಷ್ಟವಿರಲಿ, ಬೇಳೆಯ ಪ್ರೋಟೀನಿರಲಿ, ತುಪ್ಪದ ಕೊಬ್ಬಿರಲಿ, ಎಲ್ಲ ಜೀರ್ಣಕಿಣ್ವಗಳೂ ಮಾಡುವುದು ಇದನ್ನೇ. ಹೊಟ್ಟೆಯಲ್ಲಿ ನಡೆಯುವುದು ಅಗ್ನಿಕಾರ್ಯವಲ್ಲ, ಜಲಕಾರ್ಯ. ಜೊಲ್ಲು, ಜಠರರಸ, ಪಿತ್ತ, ಮೇದೋಜೀರಕದ ರಸ, ಕರುಳಿನ ರಸ ಸೇರಿ ದಿನಕ್ಕೆ ಸುಮಾರು ಏಳು ಲೀಟರು ದ್ರವ ಒಳಗೆ ಸುರಿಯುತ್ತದೆ, ಬಹುಪಾಲು ಮರಳಿ ರಕ್ತಕ್ಕೆ ಸೇರುತ್ತದೆ. ಹಾಗಾದರೆ ಬೇಳೆಯನ್ನು ನೀರಿನಲ್ಲಿ ನೆನೆಸಿಟ್ಟರೆ ತಾನಾಗಿ ಜೀರ್ಣವಾಗಬೇಡವೆ? ಆಗುತ್ತದೆ, ಕಾಯುವ ತಾಳ್ಮೆಯಿದ್ದರೆ. ಕಿಣ್ವದ ನೆರವಿಲ್ಲದೆ, ಕೋಣೆಯ ಉಷ್ಣತೆಯಲ್ಲಿ, ಪ್ರೋಟೀನಿನ ಬಂಧಗಳಲ್ಲಿ ಅರ್ಧದಷ್ಟು ಮುರಿಯಲು ಸುಮಾರು 450 ವರ್ಷ ಬೇಕೆಂದು ರಸಾಯನವಿಜ್ಞಾನಿಗಳು ಅಳೆದಿದ್ದಾರೆ. 1565ರಲ್ಲಿ ರಕ್ಕಸಗಿ ತಂಗಡಗಿಯ ಕದನ ನಡೆದ ದಿನ ಶುದ್ಧ ನೀರಿನಲ್ಲಿ ಹಾಕಿಟ್ಟಿದ್ದರೆ, ಈ ಹೊತ್ತಿಗೂ ಅರ್ಧದಷ್ಟು ಉಳಿದಿರುತ್ತಿತ್ತು. ಅದೇ ಬಂಧವನ್ನು ಟ್ರಿಪ್ಸಿನ್ ಸೆಕೆಂಡಿನ ಒಂದು ಚೂರಿನಲ್ಲಿ ಬಿಡಿಸುತ್ತದೆ. ಇಂಥದ್ದನ್ನು ಮೈಯೊಳಗೆ ಇಟ್ಟುಕೊಂಡು ನಾವು ಇಲ್ಲಿ ಹಾಯಾಗಿ ಕುಳಿತಿದ್ದೇವೆ.

ಹೇಗೆ? ಪಟಾಕಿ ಕಾರ್ಖಾನೆಯಲ್ಲಿ ಮದ್ದು ಒಂದು ಕಡೆ, ಬೆಂಕಿಕಡ್ಡಿ ಬೇಲಿಯಾಚೆ ಇರುವಂತೆ. ಜಠರದ ಗ್ರಂಥಿಗಳು ಪೆಪ್ಸಿನ್ನನ್ನು ಮಾಡುವುದೇ ಇಲ್ಲ. ಪೆಪ್ಸಿನೋಜನ್ ಎಂಬ ಸಾಧು ರೂಪವನ್ನು ಮಾಡುತ್ತವೆ. ಅದರ ಕತ್ತರಿಸುವ ಭಾಗದ ಮೇಲೆ ನಲವತ್ತಕ್ಕೂ ಹೆಚ್ಚು ಅಮೈನೋ ಆಮ್ಲಗಳ ಒಂದು ಮುಚ್ಚಳ ಕೂತಿರುತ್ತದೆ. ಆಮ್ಲವನ್ನು ಸ್ರವಿಸುವುದು ಬೇರೆಯೇ ಜಾತಿಯ ಕೋಶ. ಎರಡೂ ಗ್ರಂಥಿಯಿಂದ ಹೊರಬಂದು ಜಠರದ ಟೊಳ್ಳಿನಲ್ಲಿ ಕೂಡಿದಾಗ ಆಮ್ಲದ ಹುಳಿಗೆ ಪೆಪ್ಸಿನೋಜನ್ನಿನ ಆಕಾರ ಸಡಿಲಗೊಳ್ಳುತ್ತದೆ, ತನ್ನ ಮುಚ್ಚಳವನ್ನು ತಾನೇ ಕತ್ತರಿಸಿ ಎಸೆಯುತ್ತದೆ. ಅಷ್ಟರಲ್ಲಿ ಜಠರದ ಒಳಮೈ ಲೋಳೆಯ ಪದರವೊಂದನ್ನು ಹೊದೆದಿರುತ್ತದೆ. ಆ ಲೋಳೆಯಲ್ಲಿ ಬೈಕಾರ್ಬನೇಟ್, ಅಂದರೆ ಅಡುಗೆ ಸೋಡದ ಕ್ಷಾರವೇ, ಜಿನುಗುತ್ತಿರುತ್ತದೆ. ಟೊಳ್ಳಿನಲ್ಲಿ ಪಿಎಚ್ ಎರಡರ ಆಸುಪಾಸು, ಗೋಡೆಗೆ ತಾಗಿದಲ್ಲಿ ಏಳರ ಹತ್ತಿರ. ಇಷ್ಟಾದರೂ ಸವೆಯುವ ಮೇಲ್ಪದರದ ಕೋಶಗಳು ಕೆಲವೇ ದಿನಗಳಿಗೊಮ್ಮೆ ಹೊಸದಾಗುತ್ತವೆ. ಹಂಟರ್ ಜೀವಶಕ್ತಿ ಎಂದದ್ದು ಇಷ್ಟು: ಲೋಳೆ, ಸೋಡ ಮತ್ತು ಬಿಡುವಿಲ್ಲದ ದುರಸ್ತಿ. ಸತ್ತ ಮೇಲೆ ಮೂರೂ ನಿಲ್ಲುತ್ತವೆ.

ಈ ಏರ್ಪಾಡಿನಲ್ಲಿ ಬಿರುಕು ಹುಡುಕಿದ ಒಂದು ಬ್ಯಾಕ್ಟೀರಿಯ ಇದೆ, ಹೆಲಿಕೋಬ್ಯಾಕ್ಟರ್ ಪೈಲೋರಿ. ಜಠರದ ಆಮ್ಲದಲ್ಲಿ ಯಾವ ಜೀವಿಯೂ ನೆಲೆಸದು ಎಂದು ನಂಬಿದ್ದ ಕಾಲದಲ್ಲಿ, ಆಸ್ಟ್ರೇಲಿಯಾದ ಪರ್ತ್ ನಗರದ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಇದನ್ನು ಕಂಡರು. ಯಾರೂ ಒಪ್ಪದಿದ್ದಾಗ 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯದ ಕದಡನ್ನು ತಾನೇ ಕುಡಿದು ಜಠರದ ಉರಿಯೂತ ತಂದುಕೊಂಡ. 2005ರಲ್ಲಿ ನೊಬೆಲ್ ಬಂತು. ಆ ಬ್ಯಾಕ್ಟೀರಿಯ ಆಮ್ಲದಲ್ಲಿ ಬದುಕುವ ಗುಟ್ಟೇನು ಗೊತ್ತೆ? ಸಮ್ನರ್ ಕಾಳಿನಿಂದ ಹರಳಾಗಿಸಿದ ಅದೇ ಯೂರಿಯೇಸ್. ಆ ಕಿಣ್ವದಿಂದ ತನ್ನ ಸುತ್ತ ಅಮೋನಿಯಾ ಮಾಡಿಕೊಂಡು ಹುಳಿಯನ್ನು ಮುರಿಯುತ್ತದೆ, ಲೋಳೆಯೊಳಗೆ ತೂರುತ್ತದೆ. ಹಸಿದದ್ದಕ್ಕೆ, ಖಾರ ತಿಂದದ್ದಕ್ಕೆ, ಚಿಂತೆ ಮಾಡಿದ್ದಕ್ಕೆ ಎಂದು ರೋಗಿಯ ಮೇಲೇ ಹೊರಿಸಿದ್ದ ಎಷ್ಟೋ ಹೊಟ್ಟೆಹುಣ್ಣುಗಳು ಇದರ ಕೆಲಸವಾಗಿದ್ದವು.

ಜಠರದ ಏರ್ಪಾಡೇ ಇಷ್ಟಾದರೆ ಮೇದೋಜೀರಕದ್ದು ಇನ್ನೂ ಸೂಕ್ಷ್ಮ. ಜಠರದ ಹಿಂದೆ ಅಡ್ಡಡ್ಡ ಮಲಗಿರುವ, ಸುಮಾರು ನೂರು ಗ್ರಾಂ ತೂಗುವ ಗ್ರಂಥಿ ಇದು. ದಿನಕ್ಕೆ ಒಂದೂವರೆ ಲೀಟರಿನಷ್ಟು ರಸ ಕೊಡುತ್ತದೆ. ನಾವು ತಿನ್ನುವುದರಲ್ಲಿ ಹೆಚ್ಚಿನ ಪಾಲನ್ನು ಒಡೆಯುವುದು ಜಠರವಲ್ಲ, ಇದು. ಜಠರವನ್ನು ಶಸ್ತ್ರಕ್ರಿಯೆಯಿಂದ ಪೂರಾ ತೆಗೆದರೂ ಜನ ಪ್ರೋಟೀನನ್ನು ಜೀರ್ಣಿಸಿಕೊಂಡು ಬದುಕುತ್ತಾರೆ. ಮೇದೋಜೀರಕ ಹಾಳಾದರೆ ತಿಂದದ್ದು ಮೈಗೆ ಹತ್ತುವುದಿಲ್ಲ. ಜಠರದ ಆಮ್ಲ ಸಣ್ಣ ಕರುಳಿನ ಆರಂಭದ ಭಾಗವಾದ ಡ್ಯುಯೊಡಿನಮ್ಮಿಗೆ ಇಳಿದೊಡನೆ ಅಲ್ಲಿನ ಗೋಡೆ ಸೆಕ್ರೆಟಿನ್ ಎಂಬ ಪದಾರ್ಥವನ್ನು ರಕ್ತಕ್ಕೆ ಬಿಡುತ್ತದೆ. ಅದು ಮುಟ್ಟಿದಾಗ ಮೇದೋಜೀರಕ ಕ್ಷಾರವನ್ನು ಸುರಿಸುತ್ತದೆ. 1902ರಲ್ಲಿ ಲಂಡನ್ನಿನ ಬೇಲಿಸ್ ಮತ್ತು ಸ್ಟಾರ್ಲಿಂಗ್ ಇದನ್ನು ತೋರಿಸಿದರು. ಹಾರ್ಮೋನುಗಳ ಶಾಸ್ತ್ರ ಶುರುವಾದದ್ದೇ ಇಲ್ಲಿಂದ. ಆ ಕ್ಷಾರದಲ್ಲಿ ಪೆಪ್ಸಿನ್ ನಿಂತುಹೋಗುತ್ತದೆ. ಅದರ ಪಾಳಿ ಮುಗಿಯಿತು.

ಇನ್ನು ಟ್ರಿಪ್ಸಿನ್ ಪಾಳಿ. ಅದೂ ಟ್ರಿಪ್ಸಿನೋಜನ್ ಎಂಬ ನಿರುಪದ್ರವಿ ರೂಪದಲ್ಲೇ ನಾಳದಲ್ಲಿ ಹರಿದು ಬರುತ್ತದೆ. ಅದನ್ನು ಎಬ್ಬಿಸುವ ಎಂಟರೋಪೆಪ್ಟಿಡೇಸ್ ಎಂಬ ಕಿಣ್ವ ಮೇದೋಜೀರಕದಲ್ಲಿಲ್ಲ. ಡ್ಯುಯೊಡಿನಮ್ಮಿನ ಗೋಡೆಗೆ ಅಂಟಿಕೊಂಡಿದೆ. 1899ರಲ್ಲಿ ರಷ್ಯಾದ ಪಾವ್ಲೋವ್ ಅವರ ಪ್ರಯೋಗಾಲಯದಲ್ಲಿ ಇದು ಪತ್ತೆಯಾಯಿತು. ಗಂಟೆ ಬಾರಿಸಿ ನಾಯಿಯ ಬಾಯಲ್ಲಿ ನೀರೂರಿಸಿದವರೆಂದು ನಾವು ಓದಿದ ಪಾವ್ಲೋವ್ ಅವರಿಗೆ 1904ರ ನೊಬೆಲ್ ಬಂದದ್ದು ಗಂಟೆಗಲ್ಲ, ಜೀರ್ಣಾಂಗಗಳ ಅಧ್ಯಯನಕ್ಕೆ. ಎಂಟರೋಪೆಪ್ಟಿಡೇಸ್ ಎಂಟು ಅಮೈನೋ ಆಮ್ಲಗಳ ಒಂದು ತುಣುಕನ್ನು ಕತ್ತರಿಸಿದರೆ ಟ್ರಿಪ್ಸಿನ್ ಎದ್ದಿತು. ಎದ್ದ ಟ್ರಿಪ್ಸಿನ್ ಪ್ರೋಟೀನು ಕತ್ತರಿಸುವ ಉಳಿದ ಕಿಣ್ವಗಳನ್ನೆಲ್ಲ ಎಬ್ಬಿಸುತ್ತದೆ. ಹೀಗಿರುವಾಗ ಒಂದೆರಡು ಅಣು ಗ್ರಂಥಿಯೊಳಗೇ ತಪ್ಪಿ ಎಚ್ಚರಗೊಂಡರೆ? ಅದಕ್ಕೂ ಕಾವಲಿದೆ. ಟ್ರಿಪ್ಸಿನ್ನಿನ ಬಾಯಿಗೆ ಸಿಕ್ಕಿಕೊಂಡು ಅದನ್ನು ಸುಮ್ಮನಾಗಿಸುವ ಪುಟ್ಟ ಪ್ರೋಟೀನೊಂದನ್ನು ಗ್ರಂಥಿ ಅದೇ ಪೊಟ್ಟಣದಲ್ಲಿ ಸೇರಿಸಿಟ್ಟಿರುತ್ತದೆ. ಅದೂ ಸಾಲದೆಹೋದರೆ ಟ್ರಿಪ್ಸಿನ್ ತನ್ನ ಮೈಯನ್ನೇ ಒಂದು ಗೊತ್ತಾದ ಜಾಗದಲ್ಲಿ ಕತ್ತರಿಸಿಕೊಂಡು ನಾಶವಾಗುವ ವ್ಯವಸ್ಥೆಯೂ ಉಂಟು.

ಕಾವಲು ಮುರಿದರೆ ಏನಾಗುತ್ತದೆ ಎಂಬುದನ್ನು ನಮ್ಮ ಆಸ್ಪತ್ರೆಗಳ ತುರ್ತು ಘಟಕಗಳಲ್ಲಿ ನೋಡಬಹುದು. ಗ್ರಂಥಿ ತನ್ನ ರಸದಲ್ಲಿ ತಾನೇ ಕರಗುತ್ತದೆ. ಪ್ಯಾಂಕ್ರಿಯಾಟೈಟಿಸ್, ಅಂದರೆ ಮೇದೋಜೀರಕದ ಉರಿಯೂತ, ಸ್ವಯಂಜೀರ್ಣವೇ ಎಂದು 1896ರಲ್ಲಿ ಹಾನ್ಸ್ ಕಿಯಾರಿ ಹೇಳಿದ್ದ. ಪಿತ್ತಕೋಶದ ಕಲ್ಲು ಜಾರಿ ನಾಳದ ಬಾಯಿಗೆ ಸಿಕ್ಕಿಕೊಳ್ಳುವುದು ಒಂದು ದೊಡ್ಡ ಕಾರಣ, ಮದ್ಯ ಇನ್ನೊಂದು. ಹೊರಚೆಲ್ಲಿದ ಲೈಪೇಸ್ ಸುತ್ತಲಿನ ಕೊಬ್ಬನ್ನು ಒಡೆಯುತ್ತದೆ. ಬಿಡುಗಡೆಯಾದ ಕೊಬ್ಬಿನಾಮ್ಲಗಳು ಕ್ಯಾಲ್ಸಿಯಮ್ಮಿನೊಂದಿಗೆ ಸೇರಿ ಹೊಟ್ಟೆಯೊಳಗೇ ಸೋಪು ಕಟ್ಟುತ್ತವೆ, ರಕ್ತದ ಕ್ಯಾಲ್ಸಿಯಂ ಇಳಿಯುತ್ತದೆ. ಕೆಲವು ಮನೆತನಗಳಲ್ಲಿ ಇದು ವಂಶಪಾರಂಪರ್ಯವಾಗಿ ಬರುತ್ತದೆ. 1996ರಲ್ಲಿ ಪಿಟ್ಸ್‌ಬರ್ಗಿನ ಡೇವಿಡ್ ವಿಟ್‌ಕಾಂಬ್ ತಂಡ ಅದರ ಕಾರಣ ಹುಡುಕಿತು: ಟ್ರಿಪ್ಸಿನ್ ತನ್ನನ್ನು ತಾನು ಕತ್ತರಿಸಿಕೊಳ್ಳಬೇಕಾದ ಜಾಗದಲ್ಲೇ ಒಂದು ಅಮೈನೋ ಆಮ್ಲ ಬದಲಾಗಿತ್ತು. ನಮ್ಮ ನೆರೆಯ ಕೇರಳದಲ್ಲಿ ಕುಡಿತದ ಸೋಂಕೇ ಇಲ್ಲದ ಎಳೆಯರಲ್ಲಿ ಮೇದೋಜೀರಕದಲ್ಲಿ ಕಲ್ಲು ಕಟ್ಟಿ, ಸಕ್ಕರೆ ಕಾಯಿಲೆಯೂ ಜೊತೆಗೂಡುವ ರೋಗ ಬಹುಕಾಲದಿಂದ ಕಂಡುಬಂದಿದೆ. ಮರಗೆಣಸಿನ ಮೇಲೆ ಬಹಳ ಕಾಲ ಅನುಮಾನವಿತ್ತು. 2002ರಲ್ಲಿ ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಇಂಥ ಅನೇಕ ರೋಗಿಗಳಲ್ಲಿ, ನಾನು ಆಗಲೇ ಹೇಳಿದ ಪುಟ್ಟ ಕಾವಲು ಪ್ರೋಟೀನಿನ ಜೀನಿನಲ್ಲೇ ದೋಷವಿರುವುದನ್ನು ತೋರಿಸಿದರು.

ಬಾಯಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಜೊಲ್ಲಿನ ಅಮೈಲೇಸ್ ಅನ್ನದ ಪಿಷ್ಟವನ್ನು ಒಡೆಯಲು ಶುರು ಮಾಡುತ್ತದೆ ಎಂದು ಎಲ್ಲರಿಗೂ ಗೊತ್ತು. ಚೆನ್ನಾಗಿ ಅಗಿಯಿರಿ ಎಂಬ ಉಪದೇಶವೂ ಗೊತ್ತು. ಆದರೆ ಹಳೆ ಮೈಸೂರಿನವರು ಮುದ್ದೆಯನ್ನು ಅಗಿಯುವುದಿಲ್ಲ, ಸಾರಿನಲ್ಲಿ ಹೊರಳಿಸಿ ನುಂಗುತ್ತಾರೆ, ಅಗಿದರೆ ನಗುತ್ತಾರೆ. ಜೊಲ್ಲಿಗೆ ಅಲ್ಲಿ ಕೆಲಸವೇ ಇಲ್ಲ. ಮುದ್ದೆ ಉಂಡವರು ಹಾಳಾದದ್ದನ್ನು ಯಾರೂ ಕಂಡಿಲ್ಲ, ಏಕೆಂದರೆ ಮೇದೋಜೀರಕದ ಅಮೈಲೇಸ್ ಒಂದೇ ಆ ಕೆಲಸಕ್ಕೆ ಧಾರಾಳ ಸಾಕು.

ರಾಗಿಯ ಮಾತು ಬಂದದ್ದರಿಂದ ನಮ್ಮ ನಾಡಿನ ಒಂದು ಸಂಶೋಧನೆಯನ್ನು ಹೇಳಲೇಬೇಕು. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಬಿ. ಶಿವರಾಜ್ ಮತ್ತು ಟಿ. ಎನ್. ಪಟ್ಟಾಭಿರಾಮನ್ 1981ರಲ್ಲಿ ರಾಗಿ ಕಾಳಿನಲ್ಲಿ ಒಂದು ವಿಚಿತ್ರ ಪ್ರೋಟೀನನ್ನು ವರ್ಣಿಸಿದರು. ಅದು ಅಮೈಲೇಸನ್ನೂ ತಡೆಯುತ್ತದೆ, ಟ್ರಿಪ್ಸಿನ್ನನ್ನೂ ತಡೆಯುತ್ತದೆ. ಒಂದೇ ಅಣು, ಎರಡು ಕಡೆ ಎರಡು ಹಿಡಿತ. ಕಾಳು ನಮ್ಮ ಊಟಕ್ಕೆಂದು ಹುಟ್ಟಿದ್ದಲ್ಲ, ತನ್ನ ಮೊಳಕೆಗೆಂದು ಹುಟ್ಟಿದ್ದು. ತಿನ್ನಲು ಬರುವ ಹುಳುವಿನ ಹೊಟ್ಟೆಗೆ ಬೀಗ ಹಾಕುವ ಉಪಾಯವನ್ನು ತನ್ನೊಳಗೇ ಇಟ್ಟುಕೊಂಡಿರುತ್ತದೆ. ಹಸಿ ಸೋಯಾದಲ್ಲಿಯೂ ಟ್ರಿಪ್ಸಿನ್ನಿಗೆ ಅಡ್ಡಬರುವ ಪದಾರ್ಥ ಇದೆ. ಬೇಯಿಸಿದರೆ ಅದರ ಬಹುಪಾಲು ಹಾಳಾಗುತ್ತದೆ. ಅದೇ ರಾಗಿ ಕಾಳು ಮೊಳೆಯುವಾಗ ತನ್ನ ಪಿಷ್ಟವನ್ನು ಒಡೆಯಲು ತಾನೇ ಅಮೈಲೇಸ್ ತಯಾರಿಸುತ್ತದೆ. ಅಜ್ಜಿಯರು ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ ಬೀಸಿ ಕೂಸಿಗೆ ಸರಿ ಮಾಡುತ್ತಿದ್ದುದರ ಗುಣ ಇದೇ: ಹಿಟ್ಟು ಹೆಚ್ಚು ಹಾಕಿದರೂ ಸರಿ ಗಟ್ಟಿಯಾಗದು, ಪುಟ್ಟ ಹೊಟ್ಟೆಗೆ ಹೆಚ್ಚು ಸತ್ವ ಇಳಿಯುತ್ತದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ.

ಕೆಲವು ಕಿಣ್ವಗಳು ನಮ್ಮಲ್ಲಿ ಇಲ್ಲವೇ ಇಲ್ಲ. ಹುರುಳಿ, ಅವರೆ, ಅಲಸಂದೆಯಲ್ಲಿರುವ ರ‍್ಯಾಫಿನೋಸ್, ಸ್ಟಾಕಿಯೋಸ್ ಎಂಬ ಸಕ್ಕರೆಗಳನ್ನು ಒಡೆಯುವ ಕಿಣ್ವ ಮನುಷ್ಯನ ಸಣ್ಣ ಕರುಳಿನಲ್ಲಿಲ್ಲ. ಅವು ಹಾಗೆಯೇ ದೊಡ್ಡ ಕರುಳು ತಲುಪಿ ಅಲ್ಲಿನ ಬ್ಯಾಕ್ಟೀರಿಯಗಳಿಗೆ ಹಬ್ಬವಾಗುತ್ತವೆ. ಫಲ ನಿಮಗೆ ಗೊತ್ತಿದೆ. ನೆನೆಸಿ ಆ ನೀರು ಚೆಲ್ಲಿದರೆ, ಮೊಳಕೆ ಕಟ್ಟಿದರೆ ಬಾಧೆ ಕಡಿಮೆ. ಇನ್ನು ಹಾಲಿನ ಸಕ್ಕರೆಯನ್ನು ಒಡೆಯುವ ಲ್ಯಾಕ್ಟೇಸ್ ಎಲ್ಲ ಕೂಸುಗಳಲ್ಲೂ ಇರುತ್ತದೆ, ಬೆಳೆದಂತೆ ಬಹಳ ಜನರಲ್ಲಿ ಕುಗ್ಗುತ್ತದೆ. ದೊಡ್ಡವರಾದ ಮೇಲೂ ಅದನ್ನು ಉಳಿಸಿಕೊಡುವ ಜೀನ್ ಬದಲಾವಣೆ ಭಾರತದಲ್ಲಿ ವಾಯವ್ಯದ ಕಡೆ ಹೆಚ್ಚು, ದಕ್ಷಿಣ ಪೂರ್ವಕ್ಕೆ ಬಂದಂತೆ ವಿರಳ. ಒಂದು ಲೋಟ ಹಾಲು ಕುಡಿದು ಹೊಟ್ಟೆ ಗುಡುಗುವವರು ರೋಗಿಗಳಲ್ಲ. ಲೋಕದ ಹೆಚ್ಚಿನ ವಯಸ್ಕರು ಹಾಗೆಯೇ. ಅವರಿಗೆ ಮೊಸರು ಮಜ್ಜಿಗೆ ಒಗ್ಗುತ್ತದೆ, ಏಕೆಂದರೆ ಹೆಪ್ಪಿನ ಬ್ಯಾಕ್ಟೀರಿಯಗಳು ಆ ಸಕ್ಕರೆಯ ಒಂದು ಪಾಲನ್ನು ಮೊದಲೇ ತಿಂದಿರುತ್ತವೆ, ಉಳಿದದ್ದಕ್ಕೆ ತಮ್ಮ ಕಿಣ್ವವನ್ನು ಜೊತೆಗೇ ತರುತ್ತವೆ. ಊಟದ ಕೊನೆಗೆ ಮಜ್ಜಿಗೆ ಎಂಬ ನಮ್ಮ ಕ್ರಮ ಆ ಮಟ್ಟಿಗೆ ಗಟ್ಟಿ ರಸಾಯನಶಾಸ್ತ್ರ.

ಈಗ ಅಂಗಡಿಯ ಮಾತು. ಊಟವಾದ ಮೇಲೆ ಎರಡು ಚಮಚ ಕುಡಿಯುವ ಎಂಜೈಮ್ ಸಿರಪ್ಪುಗಳು ಔಷಧಿ ಅಂಗಡಿಗಳ ಮುಂದಿನ ಸಾಲಿನಲ್ಲೇ ಇರುತ್ತವೆ. ಇವುಗಳ ಹಿರಿಯಜ್ಜ 1894ರದು: ಜಪಾನಿನ ಜೋಕಿಚಿ ತಾಕಾಮಿನೆ ಅಮೆರಿಕದಲ್ಲಿ ಪೇಟೆಂಟ್ ಪಡೆದ, ಬೂಷ್ಟಿನಿಂದ ತೆಗೆದ, ಪಿಷ್ಟ ಒಡೆಯುವ ಡಯಾಸ್ಟೇಸ್. ಕಿಣ್ವದ ಉದ್ಯಮವನ್ನು ನಾನು ಹಳಿಯುತ್ತಿಲ್ಲ. 1978ರಲ್ಲಿ ಬೆಂಗಳೂರಿನಲ್ಲಿ ಕಿರಣ್ ಮಜುಂದಾರ್ ಷಾ ಬಯೋಕಾನ್ ಶುರು ಮಾಡಿದಾಗ ಮೊದಲು ತಯಾರಿಸಿದವುಗಳಲ್ಲಿ ಪಪ್ಪಾಯಿಯ ಹಾಲಿನಿಂದ ತೆಗೆದ ಪಪೈನ್ ಒಂದು. ಬಿಯರು ತಣ್ಣಗಾದಾಗ ಮಬ್ಬಾಗದಂತೆ ಮಾಡಲು ಅದು ಬೇಕಿತ್ತು. ಕಾರ್ಖಾನೆಯಲ್ಲಿ ಕಿಣ್ವಕ್ಕೆ ತಕ್ಕ ಹದ ಒದಗಿಸಬಹುದು. ಹೊಟ್ಟೆಯಲ್ಲಿ? ಒಂದೇ ಬಾಟಲಿಯಲ್ಲಿ ಪೆಪ್ಸಿನ್ ಮತ್ತು ಡಯಾಸ್ಟೇಸ್ ಎರಡೂ ಇರುತ್ತವೆ. ಪೆಪ್ಸಿನ್ನಿಗೆ ಕಟುವಾದ ಹುಳಿ ಬೇಕು, ಅದೇ ಹುಳಿಗೆ ಡಯಾಸ್ಟೇಸ್ ಬಹುಪಾಲು ಸಾಯುತ್ತದೆ. ಅದರ ಮೇಲೆ ಆಂಟಾಸಿಡ್ಡನ್ನೂ ಕುಡಿದರೆ ಪೆಪ್ಸಿನ್ನಿಗೂ ಕೆಲಸವಿಲ್ಲ.

ಅದಕ್ಕಿಂತ ಮುಖ್ಯವಾದ ಸಂಗತಿ ಬೇರೆ. 1973ರಷ್ಟು ಹಿಂದೆಯೇ ಅಳೆದು ನೋಡಿದಂತೆ, ಮೇದೋಜೀರಕದ ಕಿಣ್ವ ಸಾಮರ್ಥ್ಯದಲ್ಲಿ ಹತ್ತಕ್ಕೆ ಒಂಬತ್ತು ಪಾಲು ನಾಶವಾದ ಮೇಲಷ್ಟೇ ಮಲದಲ್ಲಿ ಜಿಡ್ಡು ಕಾಣಿಸಿಕೊಳ್ಳುತ್ತದೆ. ಅಂದರೆ ಆರೋಗ್ಯವಂತನ ಬಳಿ ಬೇಕಾದದ್ದಕ್ಕಿಂತ ಹತ್ತುಪಟ್ಟು ದಾಸ್ತಾನು ಇದೆ. ಮದುವೆಮನೆಯ ಊಟದ ನಂತರದ ಹೊಟ್ಟೆಭಾರ ಕಿಣ್ವದ ಕೊರತೆಯಲ್ಲ, ಹೋಳಿಗೆಯ ಲೆಕ್ಕ. ಆದ್ದರಿಂದ ಮೇದೋಜೀರಕ ಸರಿಯಿರುವವರಿಗೆ ಈ ಸಿರಪ್ಪುಗಳು ದಂಡದ ಖರ್ಚು ಎಂಬುದು ನನ್ನ ತೀರ್ಮಾನ. ನಿಜವಾಗಿ ಬೇಕಾದವರೂ ಇದ್ದಾರೆ: ದೀರ್ಘಕಾಲದ ಪ್ಯಾಂಕ್ರಿಯಾಟೈಟಿಸ್ ಇರುವವರು, ಗ್ರಂಥಿಯನ್ನು ತೆಗೆಸಿಕೊಂಡವರು. ಅವರಿಗೆ ವೈದ್ಯರು ಕೊಡುವುದು ಜಠರದಲ್ಲಿ ಕರಗದ ಹೊದಿಕೆಯುಳ್ಳ ಪ್ಯಾಂಕ್ರಿಯಾಟಿನ್. ಅದನ್ನು ಊಟದ ಜೊತೆಗೇ ನುಂಗಬೇಕು. ಅದು ಹಂದಿಯ ಮೇದೋಜೀರಕದಿಂದ ತೆಗೆದದ್ದು ಎಂಬುದನ್ನು ರೋಗಿಗೆ ಮೊದಲೇ ತಿಳಿಸುವುದು ವೈದ್ಯರ ಕರ್ತವ್ಯ ಎಂದು ನಾನು ಭಾವಿಸುತ್ತೇನೆ.

ಸಕ್ಕರೆ ಕಾಯಿಲೆಗೆ ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ತೆಗೆದುಕೊಳ್ಳುವವರಿಗೆ ಒಂದು ಮಾತು. ಅವು ಕರುಳಿನ ಕಿಣ್ವಗಳನ್ನು ಬೇಕೆಂದೇ ತಡೆಯುವ ಔಷಧಗಳು. ಜೊತೆಗೆ ಇನ್ಸುಲಿನ್ ಅಥವಾ ಬೇರೆ ಮಾತ್ರೆ ಇದ್ದು ರಕ್ತದ ಸಕ್ಕರೆ ತಟ್ಟನೆ ಇಳಿದರೆ, ಮನೆಯ ಸಕ್ಕರೆಯನ್ನು ಬಾಯಿಗೆ ಹಾಕಿದರೆ ಬೇಗ ಫಲ ಸಿಗದು, ಅದನ್ನು ಒಡೆಯುವ ಕಿಣ್ವಕ್ಕೇ ತಡೆಯಿದೆ. ಗ್ಲೂಕೋಸ್ ಪುಡಿಯನ್ನೇ ಹತ್ತಿರ ಇಟ್ಟುಕೊಳ್ಳಿ.

ಕೊನೆಯದಾಗಿ ಒಂದು ವಿನಂತಿ. ಹೊಟ್ಟೆಯ ಮೇಲ್ಭಾಗದಲ್ಲಿ ತಡೆಯಲಾರದ ನೋವು ಹುಟ್ಟಿ ಬೆನ್ನಿಗೆ ಇರಿದಂತಾಗಿ, ವಾಂತಿ ನಿಲ್ಲದಿದ್ದರೆ, ಗ್ಯಾಸು ಎಂದುಕೊಂಡು ಸೋಡ ಕುಡಿದು ಬೆಳಗಿನವರೆಗೆ ಕಾಯಬೇಡಿ. ಅದು ಮೇದೋಜೀರಕ ತನ್ನನ್ನೇ ತಿನ್ನುತ್ತಿರುವ ನೋವಾಗಿರಬಹುದು. ಹೃದಯದ ಕಾಯಿಲೆಯೂ ಆಗಿರಬಹುದು. ಆ ರಾತ್ರಿಯೇ ಆಸ್ಪತ್ರೆಗೆ ಹೋಗಿ, ರಕ್ತದಲ್ಲಿ ಲೈಪೇಸ್ ಎಷ್ಟಿದೆ ಎಂದು ಪರೀಕ್ಷೆ ಮಾಡಿಸಲು ಕೇಳಿ. ಅದು ಮೇಲಿನ ಮಿತಿಗಿಂತ ಮೂರುಪಟ್ಟು ಏರಿದ್ದರೆ ವೈದ್ಯರಿಗೆ ಮುಂದಿನ ದಾರಿ ಗೊತ್ತಿದೆ.